ಮೂಗಿನ ಮೇಲೆ ಬೆರಳು

ಹನ್ನೆರಡನೇ ನಂಬರಿನ ತಾಮ್ರದ ತಗಡು ನನಗಿಂತ ಹಿರಿಯದು.
ಅದರ ಅಂಚಿನಲ್ಲಿ ಮೂರು ಯಜಮಾನರ ಹೆಸರು:
ಮೊದಲಿನವನದನ್ನು ಕೆರೆದು ಅವನ ಅಳಿಯ,
ಅಳಿಯನದನ್ನೂ ಕೆರೆದು ಈಗಿನವನು.
ಬಣ್ಣ ಹಚ್ಚಿದವಳ ಹೆಸರು ಯಾವ ಅಂಚಿನಲ್ಲೂ ಇಲ್ಲ.
ಇರಲಿ, ಕೆರೆಯುವ ಕಷ್ಟ ತಪ್ಪಿತು.

ನಾನು ಕ್ರೆಸೆನ್ಸಿಯಾ.
ಆಗ್ಸ್‌ಬರ್ಗಿನಲ್ಲಿ, ಲೆಖ್ ನದಿಯ ಕಾಲುವೆ
ಗೋಡೆಗೆ ಮೈಯುಜ್ಜಿಕೊಂಡು ಹರಿಯುವ ಕಾರ್ಖಾನೆಯಲ್ಲಿ
ಮೂವತ್ತೊಂದು ಚಳಿಗಾಲ ಕಾಗದಕ್ಕೆ ಬಣ್ಣ ಒತ್ತಿದ್ದೇನೆ.
ನಾಲ್ಕು ಬಟ್ಟಲು, ನಾಲ್ಕು ಬಟ್ಟೆಯುಂಡೆ.
ಹಸಿರು ಇಲ್ಲಿ, ನೇರಳೆ ಅಲ್ಲಿ, ಮಧ್ಯೆ ಕಿತ್ತಳೆ,
ಉಳಿದಲ್ಲಿ ಹಳದಿ. ಯೋಚಿಸಬಾರದು.
ಯೋಚಿಸಿದರೆ ದಿನಕ್ಕೆ ನೂರು ಹಾಳೆ ಆಗುವುದಿಲ್ಲ.

ನಾನು ಬಣ್ಣ ಒತ್ತುವ ಹೊತ್ತಿಗೆ
ದೇವದೂತರು ಇನ್ನೂ ಬಂದಿರುವುದಿಲ್ಲ.
ಒಣಗಿದ ಹಾಳೆ ಒಳಕೋಣೆಗೆ ಹೋಗಬೇಕು,
ತಗಡು ಕಾಯಬೇಕು, ಅದರ ಮೇಲೆ ರೇಕು ಹಾಸಬೇಕು,
ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಉರುಳೆ ತಿರುಗಿಸಬೇಕು.
ಆಮೇಲೆ ಬಳ್ಳಿ, ದಾಳಿಂಬೆ, ಜಿಂಕೆಯ ಬೆನ್ನಟ್ಟಿದ ನಾಯಿ,
ಅವುಗಳ ನಡುವೆ ಹನ್ನೊಂದು ದೇವದೂತರು, ಚಿನ್ನದಲ್ಲಿ.
ಚಿನ್ನವೆಲ್ಲಿಯದು, ತಾಮ್ರ ಬೆರೆಸಿದ ತಗಡು.
ಹೊಳೆಯುವುದೆಲ್ಲ ಚಿನ್ನವಲ್ಲ ಎಂದು ಬುದ್ಧಿ ಹೇಳಿದವರೇ
ಆರು ಕ್ರೊಯ್ಟ್ಸರ್ ಎಣಿಸಿಕೊಟ್ಟು ಒಯ್ಯುತ್ತಾರೆ.

ನನ್ನ ಕುರುಡು ಹಸಿರು ಯಾರ ಕೆನ್ನೆಗೆ ಬಿತ್ತೋ,
ನೇರಳೆ ಯಾರ ಹೊಕ್ಕುಳಿಗೋ,
ಸಂಜೆ ಹಗ್ಗದ ಮೇಲೆ ತೂಗುವಾಗ ಗೊತ್ತಾಗುತ್ತದೆ.

ಹನ್ನೊಂದರಲ್ಲಿ ಹತ್ತು ಮಂದಿಯದು ತಕರಾರಿಲ್ಲ.
ಗರಿ ಹಿಡಿದವನು ಜಯ, ಲಿಲ್ಲಿ ಹಿಡಿದವನು ಶುದ್ಧಿ,
ಮರಳುಗಡಿಯಾರದವನು ಏನೆಂದು ಎಲ್ಲರಿಗೂ ಗೊತ್ತು,
ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.
ಕೆಳಮೂಲೆಯ ಹನ್ನೊಂದನೆಯವನು ಮಾತ್ರ
ತುಟಿಗೆ ಬೆರಳಿಟ್ಟು ನಿಂತಿದ್ದ.

ಅರ್ಧ ಪೋಪನದು, ಅರ್ಧ ಲೂಥರನದು ಈ ಊರು;
ಪುರಸಭೆಯ ಕುರ್ಚಿಗಳನ್ನೂ ಎಣಿಸಿ ಹಂಚಿಕೊಂಡಿದ್ದಾರೆ.
ಕಾಗದ ಮಾತ್ರ ಇಬ್ಬರಿಗೂ ಒಂದೇ.
ಜಕರೀಯನನ್ನು ಮೂಗನಾಗಿಸಿದ ದೂತ ಇವನೇ, ಎಂದ
ಪ್ರಾರ್ಥನೆಯ ಕಿರುಹೊತ್ತಗೆಗೆ ಹೊದಿಕೆ ಕೊಳ್ಳಲು ಬಂದ ಸನ್ಯಾಸಿ.
ಸತ್ತವರ ನಿದ್ದೆ ಕೆಡಿಸಬೇಡಿ ಎನ್ನುತ್ತಿದ್ದಾನೆ, ಎಂದ
ಚರಮ ಪ್ರವಚನಕ್ಕೆ ಮೂವತ್ತು ಹಾಳೆ ಒಯ್ದ ಪಾದ್ರಿ.
ಹಲ್ಲುನೋವು, ಎಂದ ರಟ್ಟು ಕಟ್ಟುವ ಗಾಬ್ರಿಯೇಲ್ ಶ್ಟ್ರೌಸ್,
ಎಂದು ಹೇಳಿ ಅವನನ್ನು ನಡುವಿಗೆ ಕತ್ತರಿಸಿದ:
ಒಂದು ರೆಕ್ಕೆ ಪಂಚಾಂಗದ ಮುಂದೆ, ಒಂದು ಹಿಂದೆ,
ಪಾದಗಳು ಕಸದ ಬುಟ್ಟಿಗೆ.

ತಗಡು ಕೊರೆದ ತೊಬಿಯಾಸ್ ಹೈಂಟ್ಸೆಲ್
ಕಣ್ಣು ಹೋದ ಮೇಲೂ ವಾರಕ್ಕೊಮ್ಮೆ ಬಂದು
ಒಲೆಯ ಬಳಿ ಕೂರುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟೆ.
ನಕ್ಕು ನಕ್ಕು ಕೆಮ್ಮಿದ ಮುದುಕ.
'ಅವನ ಕೈಗೆ ಕಹಳೆ ಕೊಡಬೇಕೆಂದಿದ್ದೆ ಮಗಳೇ,
ಮಧ್ಯಾಹ್ನದ ಬಿಯರು, ಉಳಿ ಜಾರಿತು,
ಕಹಳೆಯ ಅಗಲ ಬಾಯಿ ಮೂಡಲೇ ಇಲ್ಲ.
ಉಳಿದ ಕೊಳವೆಗೆ ಒಂದು ಉಗುರು ಕೊರೆದೆ.
ತಾಮ್ರಕ್ಕೆ ದುಡ್ಡು ಕೊಟ್ಟವರು ಯಾರು, ಎಸೆಯಲು?'

ಇದನ್ನು ನಾನು ಸನ್ಯಾಸಿಗೆ ಹೇಳಲಿಲ್ಲ.
ಪಾದ್ರಿಗೂ ಹೇಳಲಿಲ್ಲ.
ಹಾಗೆ ನೋಡಿದರೆ, ದೂತ ಹೇಳಿದ್ದನ್ನು
ಪಾಲಿಸಿದವಳು ನಾನೊಬ್ಬಳೇ.

ತೊಬಿಯಾಸ್ ಹೋದ. ತಗಡು ಸವೆಯುತ್ತ ಬಂತು.
ಮೊದಲು ನಾಯಿಯ ಬಾಲ, ಆಮೇಲೆ ಲಿಲ್ಲಿಯ ಎಸಳು,
ಈ ಚಳಿಗಾಲ ಮೂಲೆಯವನ ತುಟಿ.
ಗೆರೆ ಅಳಿದು ಮುಖ ಕೆಳಗೆ ಕುಸಿದಂತಾಗಿ
ಬೆರಳು ತಾನಾಗಿ ಮೇಲೇರಿದೆ.
ಮೂಗನಾಗಿದ್ದವನು ಈಗ ಮೂಗಿನ ಮೇಲೆ ಬೆರಳಿಟ್ಟಿದ್ದಾನೆ.

ಹೊಸದಾಗಿ ಸೇರಿದ ಹುಡುಗಿ ಅಪೊಲೋನಿಯಾ,
ಹನ್ನೊಂದು ವರ್ಷ, ಮೊಣಕೈವರೆಗೆ ಕಿತ್ತಳೆ,
ಹಗ್ಗದ ಕೆಳಗೆ ನಿಂತು ಕತ್ತು ಮೇಲೆತ್ತಿ ಕೇಳುತ್ತಾಳೆ:
'ಅವನು ಏನನ್ನು ಕಂಡು ಅಷ್ಟೊಂದು ಬೆರಗಾದ?'

ಹೇಳಲು ನನ್ನ ಬಳಿ ಎಷ್ಟೊಂದಿತ್ತು.
'ತನ್ನ ಹಸಿರು ಕೆನ್ನೆಯನ್ನು ಕಂಡಿರಬೇಕು' ಎಂದೆ,
'ಬಟ್ಟಲು ತೊಳೆ. ಕತ್ತಲಾಯಿತು.'
ಅವಳು ತೊಳೆಯಲು ಹೋಗಲಿಲ್ಲ.
ನಾನೂ ಎರಡನೆಯ ಸಲ ಹೇಳಲಿಲ್ಲ.