ಹದಿನೆಂಟರ ಮಗ್ಗಿ

ಕಾಜುಬಾಗದ ಮೆಡಿಕಲ್ ಅಂಗಡಿಯ ಪಾವಸ್ಕರರು
ಗಾಜಿನ ಕಟ್ಟೆಯ ಮೇಲೆ ಎರಡು ಸಿರಿಂಜು ಇಟ್ಟರು,
ಒಂದಕ್ಕೆ ಕೆಂಪು ಟೊಪ್ಪಿಗೆ, ಒಂದಕ್ಕೆ ಕಿತ್ತಳೆ.
"ನಮ್ಮ ಬಾಟ್ಲಿ ನಲವತ್ತರದ್ದು, ಅಲ್ಲಿಯದು ನೂರರದ್ದು.
ಅಲ್ಲಿಯ ಔಷಧಿಗೆ ಇಲ್ಲಿಯ ಸೂಜಿ ಚುಚ್ಚಿದೆಯೋ,
ಎರಡೂವರೆ ಪಟ್ಟು ಒಳಗೆ.
ಆಮೇಲೆ ಎಬ್ಬಿಸಲು ಯಾರಿದ್ದಾರೆ ಸುಗಂಧಿ, ಮಸ್ಕತ್ತಿನಲ್ಲಿ?"

ಕೇಳಿದ್ದು ಸೂಜಿಯ ಮಾತು,
ನಾಟಿದ್ದು ಬೇರೆ ಕಡೆ.

ಹನ್ನೆರಡನೆಯ ವಯಸ್ಸಿನಿಂದ ಕಿತ್ತೆಸೆದ ಕೆಂಪು ಟೊಪ್ಪಿಗೆಗಳನ್ನು
ಒಂದರ ಮೇಲೊಂದು ಪೇರಿಸಿದ್ದರೆ
ದೇವಗಡದ ದೀಪಕ್ಕಿಂತ ಎತ್ತರ ಆಗುತ್ತಿತ್ತು.

ಮೀಟರೂ ಬೇರೆಯಂತೆ.
ಇಲ್ಲಿಯ ನೂರಾ ಇಪ್ಪತ್ತಾರು ಅಲ್ಲಿ ಬರೀ ಏಳು.
ಸಿವಿಲ್ ಆಸ್ಪತ್ರೆಯ ಡಾಕ್ಟರಮ್ಮ ಪತ್ರಕ್ಕೆ ಮೊಹರು ಒತ್ತಿ
ತಲೆಯೆತ್ತದೆ ಹೇಳಿದರು:
"ಹದಿನೆಂಟರಿಂದ ಗುಣಿಸು, ಹಳೆಯ ಲೆಕ್ಕ ಸಿಗುತ್ತದೆ.
ಉಂಡಮೇಲೂ ಹತ್ತರೊಳಗಿರು."

ಬೈತಖೋಲಿನ ಕನ್ನಡ ಶಾಲೆಯಲ್ಲಿ
ಬೆತ್ತದ ಭಯಕ್ಕೆ ಬಾಯಿಗೆ ಬಂದ ಮಗ್ಗಿ
ಈಗ ರಕ್ತಕ್ಕೆ ಬೇಕಾಯಿತು:
ಹದಿನೆಂಟೆರಡ್ಲೆ ಮೂವತ್ತಾರು, ಆಗ ನಾನು ನೆಲದ ಮೇಲೆ.
ಹದಿನೆಂಟ್ಮೂರ್ಲೆ ಐವತ್ನಾಲ್ಕು, ತುಟಿಗೆ ಜೋಮು, ಬೆಲ್ಲ ಎಲ್ಲಿ.
ಹದಿನೆಂಟ್ನಾಲ್ಕ್ಲೆ ಎಪ್ಪತ್ತೆರಡು, ಕಾಲಿಗೆ ಮರಳು ಸಿಕ್ಕಿತು.
ಅಲ್ಲಿಂದ ಹತ್ತರವರೆಗೆ ಬದುಕು.
ಮಗ್ಗಿಯೂ ಹತ್ತಕ್ಕೇ ಮುಗಿಯುತ್ತದೆ,
ಯಾರು ಬರೆದರೋ, ಬಲ್ಲವರೇ ಇರಬೇಕು.

ಅಪ್ಪ ಐಸ್ ಫ್ಯಾಕ್ಟರಿಯವನು.
ಬಂಗಡೆಗೆ ಎಷ್ಟು, ಇಸೋಣಕ್ಕೆ ಎಷ್ಟು,
ಬೆಳಗಾವಿಗೆ ಹೋಗುವ ಲಾರಿಗೆ ಎಷ್ಟು ಎಂದು
ಕಣ್ಣಳತೆಯಲ್ಲೇ ಹೇಳುತ್ತಾನೆ.
ಒಮ್ಮೆ ಮಾತ್ರ ತಪ್ಪಿದ.
ಮೊದಲ ವರ್ಷ, ಕರೆಂಟು ಹೋದ ಮೂರು ದಿನ,
ನನ್ನ ಬಾಟ್ಲಿಯನ್ನು ಮೀನಿನ ಹಾಗೆ ಐಸಿನಲ್ಲಿ ಹೂತಿಟ್ಟ.
ಹೆಪ್ಪುಗಟ್ಟಿ ಕರಗಿದ ಔಷಧಿ
ನೋಡಲು ಹಾಗೇ ಇತ್ತು, ಸತ್ತಿತ್ತು.
ನಾಲ್ಕುನೂರಾ ಎಂಬತ್ತಕ್ಕೆ ಏರಿದ ನನ್ನನ್ನು
ಬಲೆ ಒಯ್ಯುವ ಟೆಂಪೋದಲ್ಲಿ ಆಸ್ಪತ್ರೆಗೆ ಹಾಕಿದರು.
ಅಂದಿನಿಂದ ಅಪ್ಪ ಶರಬತ್ತಿಗೂ ಐಸ್ ಹಾಕಿಸುವುದಿಲ್ಲ.

ಹೊರಡುವ ದಿನ ಅವನೇ ಚೀಲ ಕಟ್ಟಿದ.
ಬಾಟ್ಲಿಗೆ ಬನಿಯನ್ನಿನ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ಕು,
ಆಮೇಲೆ ತಂಪಿನ ಪೊಟ್ಟಣ, ತಾಗದ ಹಾಗೆ.
"ಕೈಲೇ ಇಟ್ಕೊ ತಂಗಿ. ವಿಮಾನದ ಹೊಟ್ಟೇಲಿ ಥಂಡಿಯಂತೆ."
ಚಿಕ್ಕಮ್ಮ ಜೋನಿಬೆಲ್ಲದ ಬಾಟ್ಲಿ ತಂದಳು.
ದ್ರವ ಬಿಡುವುದಿಲ್ಲ ಅಂದೆ.
ಮರುಮಾತಿಲ್ಲದೆ ಅಚ್ಚುಬೆಲ್ಲ ಕುಟ್ಟಿ
ಎಲೆಅಡಿಕೆ ಡಬ್ಬಿಗೆ ತುಂಬಿದಳು.

ದಾಬೋಲಿಯಲ್ಲಿ ಸಮವಸ್ತ್ರದ ಹುಡುಗ
ಸೂಜಿ ನೋಡಿದ, ಪತ್ರ ನೋಡಿದ,
ಎಲೆಅಡಿಕೆ ಡಬ್ಬಿಯನ್ನು ಮೂಸಿ ನೋಡಿದ.

ಇಲ್ಲಿ ಶಾಲೆಯೊಂದರ ಹಾಸ್ಟೆಲ್ ಅಡುಗೆಮನೆ ನನ್ನದು.
ಇನ್ನೂರು ಮಕ್ಕಳಿಗೆ ಉಪ್ಪು ತಪ್ಪುವುದಿಲ್ಲ,
ತಪ್ಪುವುದು ನನ್ನ ತಟ್ಟೆ.
ಒಂದು ಕುಬ್ಬೂಸ್ ಅಂದರೆ ಎಷ್ಟು ಸವಟು ಗಂಜಿ?
ಗಡಿಯಾರ ಒಂದೂವರೆ ತಾಸು ಹಿಂದೆ,
ಹಸಿವು ಮಾತ್ರ ಕಾರವಾರದ ಹೊತ್ತಿಗೇ ಏಳುತ್ತದೆ.

ನಿನ್ನೆ ರಾತ್ರಿ ಹದಿನಾಲ್ಕು ತೋರಿಸಿತು.
ಹದಿನೆಂಟ್ಹದಿನಾಲ್ಕ್ಲೆ?
ಬೆತ್ತದ ಮಾಸ್ತರರೂ ಹೇಳಿಕೊಡದ ಜಾಗ.
ಕಿತ್ತಳೆ ಟೊಪ್ಪಿಗೆ ತೆಗೆದೆ, ಗೆರೆ ಎರಡು ಸಲ ಎಣಿಸಿದೆ, ಚುಚ್ಚಿದೆ.
ಫ್ರಿಜ್ಜಿನ ಗುರ್ ಗುರ್ ಕೇಳುತ್ತ
ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕುಳಿತೆ.
ಎರಡಕ್ಕೆ ಬೆರಳು ಚುಚ್ಚಿದರೆ ಒಂಬತ್ತು.

ಊರಲ್ಲಿ ಮೂರೂವರೆ, ಬೋಟಿಗೆ ಐಸ್ ಹಾಕುವ ಹೊತ್ತು.
ಅಪ್ಪ ಎತ್ತಿದ. ಹಿಂದೆ ಐಸ್ ಪುಡಿಯಾಗುವ ಸದ್ದು.
"ಎಷ್ಟಾತೇ?"
"ಒಂಬತ್ತು."
ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು
ಸದ್ದಿನ ನಡುವೆ ಏನೋ ಗೊಣಗಿಕೊಂಡ,
ಎಲ್ಲೋ ತಪ್ಪಿದ, ಮತ್ತೆ ಒಂದರಿಂದ ಶುರುಮಾಡಿದ.
ನಾನು ಹೇಳಿಕೊಡಲಿಲ್ಲ.
"ನೂರಾ… ಅರವತ್ತೆರಡು?"
"ಹೌದು."
"ಆತು, ಮಲಗು. ಇಲ್ಲಿ ಲಾರಿ ಬಂತು."