ನಡುಬೀದಿಯ ಚುಕ್ಕೆ

ಹೌದಮ್ಮ, ನೋಡಿದೆ ನಾನೂ. ಅಡುಗೆಮನೆಗೆ ಕಾಲಿಡುವ ಮೊದಲೇ
ನಿನ್ನ ಗಂಡ ಫೋನು ತೆಗೆದು, ಎರಡು ಬೆರಳು ಅಗಲಿಸಿ
ನಮ್ಮ ಬೀದಿಯನ್ನು ಹಿಗ್ಗಿಸಿದ್ದು.
ಹಾರ್ನ್‌ಬೀಮ್ ರಸ್ತೆ, ಕಳೆದ ವರ್ಷ, ಹತ್ತೊಂಬತ್ತು ಅಪರಾಧ.
ಹತ್ತೊಂಬತ್ತೂ ಸೇರಿ ಒಂದೇ ಕೆಂಪು ಚುಕ್ಕೆಯಾಗಿ
ನನ್ನ ಗೇಟಿನ ಮುಂದೆ ಕೂತಿದೆ
ದಡಾರದ ಮೊದಲ ಗುಳ್ಳೆಯ ಹಾಗೆ.

ಹೆದರಬೇಡಿ. ನಕಾಶೆಗೆ ಬಾಗಿಲುಗಳ ಗುರುತಿಲ್ಲ.
ಯಾರ ಮನೆ ಅಂತ ಹೇಳಬಾರದಂತೆ, ಅದೊಂದು ಮರ್ಯಾದೆ;
ಹಾಗಾಗಿ ಬೀದಿಯ ಪಾಪವನ್ನೆಲ್ಲ ಗುಡಿಸಿ
ನಟ್ಟನಡುವೆ ಗುಡ್ಡೆ ಹಾಕುತ್ತಾರೆ.
ನಟ್ಟನಡುವಿನ ಮನೆ ನನ್ನದು.
ಚುಕ್ಕೆಗಾಗಿ ನಾಲ್ಕು ಸಾವಿರ ಇಳಿಸಬೇಕು ಅಂತ
ಏಜೆಂಟ್ ಹುಡುಗ ತನ್ನ ಬೂಟಿನ ತುದಿಗೆ ಹೇಳಿದ.

ಕೂತುಕೊಳ್ಳಿ. ಮಗು ಎದ್ದರೆ ಏಳಲಿ. ಚಹಾ ಆರುತ್ತೆ.
ಬಿಡಿಸಿ ಹೇಳುತ್ತೇನೆ, ನನಗದು ಬಾಯಿಪಾಠ.

ಏಳು, ಪಾರ್ಕಿನ ಬೆಂಚಿನ ಹುಡುಗರದು: ಗಲಾಟೆ, ಪಟಾಕಿ, ಒಡೆದ ಗಾಜು.
ಮೂರು ಸೈಕಲ್ಲು. ಅದರಲ್ಲೊಂದು ಕಳುವಾಗಿರಲೇ ಇಲ್ಲ,
ಒಡೆಯ ಅದನ್ನು ಪಬ್ಬಿನ ಗೋಡೆಗೊರಗಿಸಿ ಮರೆತು ಬಂದಿದ್ದ,
ಒಪ್ಪಿಕೊಳ್ಳಲು ನಾಚಿಕೆ.
ಎರಡು, ಕಾರಿನ ಹೊಟ್ಟೆಯಡಿಯ ಕೊಳವೆ ಕೊಯ್ದದ್ದು.
ಬೆಳಗಿನ ಜಾವ ನಾಲ್ಕಕ್ಕೆ, ಗರಗಸದ ಸದ್ದಿಗೆ
ಇಡೀ ಬೀದಿ ಎದ್ದು ಪರದೆ ಸರಿಸಿತು.
ಯಾರೂ ಬಾಗಿಲು ತೆರೆಯಲಿಲ್ಲ. ನಾನೂ.
ಅದು ನಕಾಶೆಯಲ್ಲಿಲ್ಲ.
ಒಂದು, ತ್ಯಾಗಲಿಂಗಂ ಅಂಗಡಿಯ ಚೀಸು, ಕೋಟಿನೊಳಗೆ.
ಆತ ದೂರು ಕೊಟ್ಟ; ಮರುವಾರ
ಅದೇ ಹೆಂಗಸಿನ ಹೆಸರಲ್ಲಿ ಸಾಲದ ಪುಟ ತೆರೆದ.
ಐದು, ಹದಿನೇಳನೆಯ ನಂಬರಿನದು. ಒಂದೇ ಮನೆ, ಐದು ಸಲ.
ಅದನ್ನು ಮಾತ್ರ ಬಿಡಿಸಿ ಹೇಳಲಾರೆ.
ಅವಳೀಗ ತಂಗಿಯ ಊರಲ್ಲಿದ್ದಾಳೆ, ಕೂದಲು ಗಿಡ್ಡ ಮಾಡಿಕೊಂಡು.

ಹದಿನೆಂಟಾಯಿತೆ?
ಹತ್ತೊಂಬತ್ತನೆಯದು ನಾನು.
ಪಕ್ಕದವರು ರಜೆಗೆ ಹೋದಾಗ ಅವರ ಪ್ರಿವೆಟ್ ಬೇಲಿಯನ್ನು
ಸೊಂಟದಿಂದ ಮಂಡಿಗಿಳಿಸಿದೆ.
‘ಆಸ್ತಿಗೆ ಹಾನಿ’ ಅಂತ ಬರೆದುಕೊಂಡ ಪೊಲೀಸ್ ಹುಡುಗ,
ತುಟಿ ಕಚ್ಚಿಕೊಂಡು.
ಹಾಗಾಗಿ ಆ ಚುಕ್ಕೆ ಪೂರಾ ಸುಳ್ಳೂ ಅಲ್ಲ.

ಲೆಕ್ಕಕ್ಕೆ ಸಿಗದ್ದೊಂದಿದೆ, ಹಳೆಯದು.
ತೊಂಬತ್ತೆಂಟರ ನವೆಂಬರು. ಲೆಸ್ಲಿ ಆಸ್ಪತ್ರೆಯಲ್ಲಿ,
ನನಗೆ ಬಸ್ ಡಿಪೋದಲ್ಲಿ ರಾತ್ರಿ ಪಾಳಿ.
ಬಂದರೆ ಹಿಂದಿನ ಕಿಟಕಿ ಒಡೆದಿದೆ.
ರೇಡಿಯೋ ಇಲ್ಲ, ಬಿಸ್ಕೆಟ್ ಡಬ್ಬದ ನಲವತ್ತು ಪೌಂಡಿಲ್ಲ,
ಬೆಕ್ಕಿನ ಬಟ್ಟಲಿಗೆ ಮಾತ್ರ ಯಾರೋ ಹಾಲು ಹಾಕಿದ್ದಾರೆ.

ನನ್ನ ಬೆಕ್ಕು ಅತ್ತರೆ ಕರಗುವವನು ಬೀದಿಗೆಲ್ಲ ಒಬ್ಬನೇ,
ಮೂವತ್ತೊಂದರ ಡ್ಯಾರೆಲ್, ಹದಿನೈದು ವರ್ಷ.
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ,
ಇವನು ಏನೂ ಅನ್ನದೆಯೇ
ಅಂಗೈಗೆ ಸುತ್ತಿದ ಬಟ್ಟೆಯನ್ನು ಜೇಬಿಗೆ ತುರುಕಿದ.
ಠಾಣೆಯ ನಂಬರಿಗೆ ಆರು ಅಂಕಿ. ಐದು ಒತ್ತಿದೆ.
ಒಳ್ಳೆತನ ಅಂದುಕೊಳ್ಳಬೇಡಿ. ಸುಸ್ತಾಗಿತ್ತು.
ಆಸ್ಪತ್ರೆಗೆ ಒಯ್ಯಬೇಕಿದ್ದ ಪೈಜಾಮ ಇನ್ನೂ ಒಣಗಿರಲಿಲ್ಲ.

ಈಗ ಅವನ ವ್ಯಾನಿನ ಮೇಲೆ ಅವನದೇ ಹೆಸರು:
ಪೈಕ್, ಬೀಗ ಮತ್ತು ಬಾಗಿಲು.
ಈ ಬೀಗ ಹಾಕಿದ್ದು ಅವನೇ. ದುಡ್ಡು ಮುಟ್ಟಲಿಲ್ಲ.
ಹಿಂದಿನ ಕಿಟಕಿಯ ಮುಂದೆ ನಿಂತು
‘ಇದು ಭಾರಿ ಸುಲಭ, ಮಿಸೆಸ್ ಸ್ಟಾಬರ್ಟ್’ ಅಂದ,
ಅಂದವನ ಕಿವಿಯೆಲ್ಲ ಕೆಂಪು.
ಎರಡು ಕಬ್ಬಿಣದ ಪಟ್ಟಿ ಬಿಗಿದು ಹೋದ.
ರೇಡಿಯೋದ ಮಾತು ಇಬ್ಬರೂ ಎತ್ತಲಿಲ್ಲ.

ಸುರಕ್ಷಿತವೇ ಅಂತ ತಾನೆ ನೀವು ಕೇಳಿದ್ದು?
ಹನ್ನೆರಡಕ್ಕೆ ಕೌನ್ಸಿಲು ಬೀದಿದೀಪ ಆರಿಸುತ್ತೆ, ಉಳಿತಾಯವಂತೆ.
ಆಮೇಲೆ ನರಿಯೊಂದು ಬರುತ್ತೆ,
ಬಿನ್ನಿನ ಮುಚ್ಚಳ ಎತ್ತುವುದು ಕಲಿತಿದೆ.
ಅಷ್ಟೇ ನನಗೆ ಗೊತ್ತಿರುವುದು.

ಹೊರಟಿರಾ? ಬಾಗಿಲನ್ನು ಒಂಚೂರು ಮೇಲಕ್ಕೆತ್ತಿ ಎಳೆಯಿರಿ,
ಮರ ಊದಿಕೊಂಡಿದೆ. ಟಕ್ ಅನ್ನಬೇಕು.
ಇಲ್ಲ, ಅನ್ನಲಿಲ್ಲ.
ಇನ್ನೊಮ್ಮೆ.