ಏಳನೇ ಮನಿ

ಧೋತರದಾಗ ಸುತ್ತಿ ತಂದಿದ್ರು ಎಲಿಷ ಮಾಸ್ತರು ಟ್ರಾಂಬೋನ್.
ಲಗ್ನದ ವ್ಯಾನಿನಾಗ ಯಾರೋ ಅದರ ಮ್ಯಾಲೆ ಕುಂತಿದ್ರಂತ.
'ಬಡೀಬ್ಯಾಡೋ, ಒತ್ತು' ಅಂದ್ರು.
ಹುಬ್ಬಳ್ಳಿ ಕಂಚಗಾರ ಗಲ್ಲ್ಯಾಗ ಒತ್ತಾವರ್ಯಾರು?
ನಾ ಕೊಡಾ ತಿದ್ದಾಂವ.

ಮುಂಬಯಿ ಸ್ಟುಡಿಯೋದಾಗ ಇಪ್ಪತ್ತೆರಡು ವರ್ಷ,
ಹಿಂದಿನ ಸಾಲು, ಕಂಬದ ಬಾಜೂಕ.
ರಿಕಾರ್ಡಿನ ಮ್ಯಾಲೆ ಹೆಸರಿಲ್ಲ.
'ಹೀರೋಯಿನ್ ಮೆಟ್ಟಲಾ ಇಳಿವಾಗ
ಜಾರತದಲ್ಲ ಒಂದು ಸ್ವರ, ಅದು ನಂದು.
ನಾಕು ಸೆಕೆಂಡು.
ಅವತ್ತ ಜ್ವರಾ ಇತ್ತು.'

ತಗ್ಗು ತೆಗೆದು ಎಣ್ಣಿ ಹಚ್ಚಿ ಕೊಟ್ಟೆ.
ಒಂದನೇ ಮನಿ, ಎರಡು, ಮೂರು,
ಆರಕ್ಕ ನಿಂತ್ರು.
'ಕೊಳವಿ ಹಿಡೀತೇನ್ರಿ?'
'ಇಲ್ಲೋ. ಹೆಗಲು.'

ನನ್ನ ಮಗಳು ತುದಿ ಹಿಡಿದು ಎಳೆದ್ಳು
ಏಳನೇ ಮನಿತನಾ.
ಮಾಸ್ತರು ಊದಿದ್ರು.

ಗ್ವಾಡಿಗೆ ಸಾಲಾಗಿಟ್ಟ ಖಾಲಿ ಕೊಡಾ
ಅಷ್ಟೂ ಗುಂಯ್ ಅಂದ್ವು,
ತೂತಿದ್ದದ್ದೊಂದು ಬಿಟ್ಟು.